ಗಿಡಮೂಲಿಕೆ ತಾನೆ, ಏನೂ ಆಗಲಿಕ್ಕಿಲ್ಲ!

ಮೊನ್ನೆ ಮುಲುಂಡಿನಲ್ಲಿ ನಮ್ಮ ಕಡೆಯವರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತ ಕೂತಿದ್ದಾಗ ದೂರದ ಸಂಬಂಧದ ಅಕ್ಕ ಒಬ್ಬರು ಕೈಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಮುಂದಿಟ್ಟರು. ನ್ಯೂಜೆರ್ಸಿಯಲ್ಲಿರುವ ಮಗ ತಂದುಕೊಟ್ಟದ್ದಂತೆ. ಅಕ್ಕನಿಗೆ ಇಪ್ಪತ್ತು ವರ್ಷದ ಅರೆತಲೆನೋವು. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 'ಬಟರ್‌ಬರ್' ಅಂತಿತ್ತು. "ನೀನು ಇದನ್ನೆಲ್ಲ ಓದ್ತಿಯಲ್ಲ, ಸ್ವಲ್ಪ ನೋಡು ಮಾರಾಯ, ತಗೊಳ್ಳಬಹುದಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದವರಿಂದ ತೀರ್ಪು ಬಂದಾಯಿತು. "ಗಿಡಮೂಲಿಕೆ ತಾನೆ ಅಕ್ಕ, ಏನೂ ಆಗಲಿಕ್ಕಿಲ್ಲ. ತಗೊಳ್ಳಿ!"

ಈ 'ಏನೂ ಆಗಲಿಕ್ಕಿಲ್ಲ' ಅನ್ನುವ ಮಾತಿನ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಅದೇ ಮಾತನ್ನು ಒಂದು ಕಾಲಕ್ಕೆ ನಾನೂ ಹೇಳಿದವನೇ ಆದ್ದರಿಂದ ಸಿಟ್ಟು ಇನ್ನೂ ಜಾಸ್ತಿ. ಅದಕ್ಕೆ ಆಮೇಲೆ ಬರ್ತೇನೆ.

ಮೊದಲು ಅಕ್ಕನ ಡಬ್ಬಿ. ಬಟರ್‌ಬರ್ ಅಂದರೆ ಯುರೋಪಿನ ಹೊಳೆದಂಡೆಗಳಲ್ಲಿ ಬೆಳೆಯುವ, ಛತ್ರಿಯಂಥ ಎಲೆಯ ಗಿಡ. ನಮ್ಮೂರಲ್ಲಿ ಬಾಳೆಲೆಯಲ್ಲಿ ಬೆಣ್ಣೆ ಕಟ್ಟಿಕೊಡುವ ಹಾಗೆ ಅಲ್ಲಿಯವರು ಈ ಎಲೆಯಲ್ಲಿ ಬೆಣ್ಣೆ ಸುತ್ತಿಡುತ್ತಿದ್ದರು, ಹೆಸರು ಬಂದದ್ದು ಹಾಗೆ. ಅದರ ಬೇರು ತಲೆನೋವಿಗೆ, ನೆಗಡಿಗೆ ಹಳೇ ಮದ್ದು. ವಿಜ್ಞಾನಿಗಳು ಇದನ್ನು ಅಜ್ಜಿಮದ್ದು ಅಂತ ತಳ್ಳಿಹಾಕಲಿಲ್ಲ, ಪರೀಕ್ಷೆಗೆ ಹಚ್ಚಿದರು. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 245 ಮಂದಿ ಅರೆತಲೆನೋವಿನವರಿದ್ದರು. ದಿನಕ್ಕೆರಡು ಸಲ 75 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನೋವು ಬರುವ ಸಂಖ್ಯೆ 48 ಶೇಕಡಾ ಇಳಿಯಿತು. ಮದ್ದೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಇಳಿದದ್ದು 26 ಶೇಕಡಾ. 2012ರಲ್ಲಿ ಅಮೆರಿಕದ ನರರೋಗ ತಜ್ಞರ ಅಕಾಡೆಮಿ, ಅರೆತಲೆನೋವು ತಡೆಯಲಿಕ್ಕೆ ಇದನ್ನು ಕೊಡಿ ಅಂತ ತನ್ನ ಅತ್ಯಂತ ಗಟ್ಟಿ ಶಿಫಾರಸನ್ನೇ ಮಾಡಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅದೇ ಅಕಾಡೆಮಿ 2015ರಲ್ಲಿ ಆ ಶಿಫಾರಸನ್ನು ಹಿಂದಕ್ಕೆ ತೆಗೆದುಕೊಂಡಿತು. ಕಾರಣ, ಲಿವರ್. ಈ ಗಿಡದಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್ ಅನ್ನುವ ವಸ್ತುಗಳಿವೆ. ಕೀಟಗಳು ತಿನ್ನದ ಹಾಗೆ ಗಿಡ ತನಗಾಗಿ ಮಾಡಿಕೊಂಡ ವಿಷ ಅದು. ನಮ್ಮ ಹೊಟ್ಟೆಗೆ ಹೋದರೆ ಲಿವರೇ ಅದನ್ನು ಒಡೆದು ಇನ್ನೂ ಕೆಟ್ಟದ್ದಾಗಿ ಮಾಡಿಕೊಳ್ಳುತ್ತದೆ, ಅಲ್ಲಿಯ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಕಂಪೆನಿಗಳು ಈ ವಿಷವನ್ನು ತೆಗೆದುಹಾಕಿ ಮಾತ್ರೆ ಮಾಡುತ್ತಿದ್ದವು, ನಿಜ. ಹಾಗೆ ಶುದ್ಧ ಮಾಡಿದ ಮಾತ್ರೆ ತಿಂದವರಲ್ಲೂ ಲಿವರ್ ಕೆಟ್ಟ ವರದಿಗಳು ಬಂದವು. ಗುಣ ಇದ್ದದ್ದು ಸುಳ್ಳಲ್ಲ. ಅಪಾಯ ಇದ್ದದ್ದೂ ಸುಳ್ಳಲ್ಲ.

"ಅದು ಪರದೇಶದ ಗಿಡ, ನಮ್ಮದಕ್ಕೆ ಹಾಗಾಗಲ್ಲ" ಅನ್ನುವವರಿದ್ದಾರೆ. ಇದೇ ಜಾತಿಯ ವಿಷ ನಮ್ಮ ಗದ್ದೆಬದಿಯ ಗಿಲಿಗಿಲಿ ಕಾಯಿಯ ಗಿಡಗಳಲ್ಲೂ ಇದೆ. ಅದೇ, ಒಣಗಿದ ಕಾಯಿಯನ್ನು ಗಿಲಕಿಯ ಹಾಗೆ ಅಲ್ಲಾಡಿಸಿ ಮಕ್ಕಳು ಆಡುತ್ತಿದ್ದೆವಲ್ಲ, ಕ್ರೊಟಲೇರಿಯಾ, ಅದು. 1970ರ ದಶಕದಲ್ಲಿ ಸರ್ಗುಜಾ ಜಿಲ್ಲೆಯಲ್ಲಿ (ಆಗ ಮಧ್ಯಪ್ರದೇಶ, ಈಗ ಛತ್ತೀಸಗಢ) ಅದರ ಬೀಜ ಸಾಮೆಯಂಥ ಕಿರುಧಾನ್ಯದ ಜೊತೆ ಬೆರೆತು ಬಡವರ ಹೊಟ್ಟೆಗೆ ಹೋಯಿತು. 67 ಮಂದಿಯ ಹೊಟ್ಟೆ ಊದಿತು, 28 ಮಂದಿ ಸತ್ತರು. ನೂರಕ್ಕೆ ನೂರು ಸ್ವದೇಶಿ, ನೂರಕ್ಕೆ ನೂರು ನೈಸರ್ಗಿಕ!

ಇನ್ನು ನನ್ನ ಕಥೆ. ನಮ್ಮ ಮನೆಯ ಕಿಟಕಿ ಗ್ರಿಲ್ಲಿನ ಮೇಲೆ ಒಂದು ಅಮೃತಬಳ್ಳಿ ಇತ್ತು. ಊರಿಂದ ತಂದು ಡಬ್ಬದಲ್ಲಿ ಊರಿದ್ದು. 2020ರ ಕೊರೊನಾ ಕಾಲ, ಲೋಕಲ್ ಟ್ರೇನಿನಲ್ಲಿ ಜನಸಾಮಾನ್ಯರಿಗೆ ಪ್ರವೇಶವಿಲ್ಲ, ಆಸ್ಪತ್ರೆಗಳಲ್ಲಿ ಹಾಸಿಗೆ ಇಲ್ಲ. ವಾಟ್ಸಾಪಿನಲ್ಲಿ ಬರುತ್ತಿದ್ದ ಕಷಾಯದ ಸಂದೇಶಗಳನ್ನು ಹತ್ತು ಗುಂಪಿಗೆ ದಾಟಿಸಿದವನು ನಾನು. ಬಿಲ್ಡಿಂಗಿನವರಿಗೆಲ್ಲ ಬಳ್ಳಿ ಕೊಯ್ದು ಕೊಟ್ಟವನೂ ನಾನೇ. ಡೊಂಬಿವಲಿಯ ಭಾವನಿಗೂ ಒಂದು ಕಟ್ಟು ಕಳಿಸಿದೆ. ಅವರು ಮೂರು ತಿಂಗಳು ಒಂದು ದಿನವೂ ಬಿಡದೆ ಕುಡಿದರು. ಆಮೇಲೆ ಒಂದು ದಿನ ಅಕ್ಕ ಫೋನು ಮಾಡಿ, "ಇವರ ಕಣ್ಣು ಅರಶಿನದ ಹಾಗೆ ಆಗಿದೆ" ಅಂದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: ಕುಡಿಯುತ್ತೀರಾ? ಇಲ್ಲ. ಬೇರೆ ಏನಾದರೂ ಮದ್ದು? ಇಲ್ಲ. ಭಾವ ಸುಳ್ಳು ಹೇಳಿದ್ದಲ್ಲ, ಅವರ ಲೆಕ್ಕದಲ್ಲಿ ಕಷಾಯ ಮದ್ದೇ ಅಲ್ಲ! ಮೂರನೇ ಸಲ ಕೇಳಿದಾಗ ಅಕ್ಕ ಬಾಯಿಬಿಟ್ಟಳು. ಕಷಾಯ ನಿಲ್ಲಿಸಿದ ಮೇಲೆ ಕೆಲವು ತಿಂಗಳಲ್ಲಿ ಗುಣವಾಯಿತು, ದೇವರ ದಯೆ. ಆ ಬಳ್ಳಿಯಿಂದಲೇ ಆಯಿತು ಅಂತ ನಾನು ಆಣೆ ಹಾಕಲಾರೆ. ಒಬ್ಬರ ಕಥೆ ಪುರಾವೆ ಆಗುವುದಿಲ್ಲ. ಪುರಾವೆ ಬೇಕಾದರೆ ಯಾರಾದರೂ ಕೂತು ಲೆಕ್ಕ ಇಡಬೇಕು.

ನಮ್ಮ ಮುಂಬಯಿಯಲ್ಲೇ ಲೆಕ್ಕ ಇಟ್ಟವರಿದ್ದರು. ಜಸ್ಲೋಕ್ ಆಸ್ಪತ್ರೆಯ ಲಿವರ್ ತಜ್ಞೆ ಡಾ. ಆಭಾ ನಾಗ್ರಾಲ್ ಮತ್ತು ಸಂಗಡಿಗರು, 2020ರ ಸೆಪ್ಟೆಂಬರಿನಿಂದ ಡಿಸೆಂಬರಿನ ಒಳಗೆ ಅಮೃತಬಳ್ಳಿ ಸೇವಿಸಿ ಲಿವರ್ ಕೆಟ್ಟು ಬಂದ ಆರು ಮಂದಿಯ ವಿವರವನ್ನು 2021ರಲ್ಲಿ ಪ್ರಕಟಿಸಿದರು. ಕೆಲವರಲ್ಲಿ ದೇಹದ ರಕ್ಷಣಾ ಶಕ್ತಿ ತನ್ನದೇ ಲಿವರಿನ ಮೇಲೆ ತಿರುಗಿಬಿದ್ದ ಲಕ್ಷಣ ಕಂಡಿತ್ತು. ಆಮೇಲೆ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂಥ 43 ಮಂದಿಯ ವರದಿಯನ್ನು 2022ರಲ್ಲಿ ಹೊರತಂದರು.

ಆಯುಷ್ ಸಚಿವಾಲಯ ಏನು ಮಾಡಿತು? 2021ರ ಜುಲೈಯಲ್ಲೇ ಹೇಳಿಕೆ ಕೊಟ್ಟು, ಇದು ಜನರ ದಾರಿ ತಪ್ಪಿಸುವ ಮಾತು ಅಂದಿತು. ರೋಗಿಗಳು ತಿಂದದ್ದು ಅಮೃತಬಳ್ಳಿಯೇ ಅಂತ ವೈದ್ಯರು ಪರೀಕ್ಷಿಸಿಲ್ಲ, ಅದರಂತೆಯೇ ಕಾಣುವ ಟಿನೋಸ್ಪೊರಾ ಕ್ರಿಸ್ಪಾ ಅನ್ನುವ ಬೇರೆ ಬಳ್ಳಿ ಇರಬಹುದು ಅಂತ ವಾದ.

ಸರಿ ಸ್ವಾಮಿ, ಒಪ್ಪಿದೆ ಅಂತಲೇ ಇಟ್ಟುಕೊಳ್ಳೋಣ. ಎರಡು ಬಳ್ಳಿ ಅಷ್ಟು ಸುಲಭವಾಗಿ ಅದಲುಬದಲಾಗುವುದಾದರೆ, ಊರಿಗೆಲ್ಲ 'ಕುಡಿಯಿರಿ' ಅನ್ನುವಾಗ ಆ ಎಚ್ಚರಿಕೆಯೂ ಅಷ್ಟೇ ದೊಡ್ಡ ದನಿಯಲ್ಲಿ ಬರಬೇಕಿತ್ತಲ್ಲ? ರೈಲ್ವೆ ಕಾಂಪೌಂಡಿನ ಮೇಲೆ ಹಬ್ಬಿದ ಬಳ್ಳಿ ಕೊಯ್ಯುವವನಿಗೆ ಯಾವುದು ಯಾವುದೆಂದು ಹೇಗೆ ಗೊತ್ತಾಗಬೇಕು? ಅದೇ ಸಚಿವಾಲಯ 2020ರ ಅಕ್ಟೋಬರಿನ ತನ್ನ ಚಿಕಿತ್ಸಾ ಕ್ರಮದಲ್ಲಿ ಅಮೃತಬಳ್ಳಿಯ ಗುಳಿಗೆಗೆ 500 ಮಿಲಿಗ್ರಾಂ, ದಿನಕ್ಕೆರಡು ಸಲ, 15 ದಿನ ಅಥವಾ ಒಂದು ತಿಂಗಳು ಅಂತ ಅಳತೆ, ಅವಧಿ ಎರಡೂ ಹಾಕಿತ್ತು. ವಾಟ್ಸಾಪಿಗೆ ಬರುವಷ್ಟರಲ್ಲಿ ಅಳತೆಯೂ ಹೋಯಿತು, ಅವಧಿಯೂ ಹೋಯಿತು. 'ಕುಡಿಯಿರಿ' ಮಾತ್ರ ಉಳಿಯಿತು. ಹಾಗೆ ಉಳಿಸಿದವರಲ್ಲಿ ನಾನೂ ಒಬ್ಬ.

ಈಗ ಇನ್ನೊಂದು ಪಕ್ಷದವರಿಗೂ ಒಂದು ಮಾತು. ಇದನ್ನೆಲ್ಲ ಓದಿ, "ನೋಡಿದ್ರಾ, ಆಯುರ್ವೇದ ಅಂದ್ರೆ ಬರೀ ಮೌಢ್ಯ" ಅಂತ ಚಪ್ಪಾಳೆ ತಟ್ಟುವವರು ಪರೇಲಿನ ಕೆಇಎಂ ಆಸ್ಪತ್ರೆಯ ಇತಿಹಾಸ ಸ್ವಲ್ಪ ನೋಡಲಿ. ಅಲ್ಲಿಯ ಡಾ. ರುಸ್ತುಂ ಜಾಲ್ ವಕೀಲ್ ಸರ್ಪಗಂಧಿ ಬೇರನ್ನು 50 ಮಂದಿ ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಅಳೆದು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. 1957ರಲ್ಲಿ ವಕೀಲರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಅದೇ ರೆಸರ್ಪಿನ್ ಕೆಲವರನ್ನು ಮಂಕು, ಖಿನ್ನತೆಗೆ ತಳ್ಳುತ್ತದೆ ಅನ್ನುವ ವರದಿಗಳೂ ಆ ದಶಕದಲ್ಲೇ ಬಂದವು. ಯಾರೂ ಅದನ್ನು ಭಾರತಕ್ಕೆ ಅವಮಾನ ಅನ್ನಲಿಲ್ಲ.

ಇನ್ನೂ ಸ್ವಾರಸ್ಯ ಕೇಳಿ. ಅದೇ ಕೆಇಎಂನಲ್ಲಿ ಡಾ. ಶಾರದಿನಿ ಡಹಾಣೂಕರ್ ಮತ್ತು ಅವರ ಜೊತೆಯವರು ಇದೇ ಅಮೃತಬಳ್ಳಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದ 30 ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿ, ಆಪರೇಶನ್ನಿಗೆ ಮುಂಚೆ ಒಂದು ಗುಂಪಿಗೆ ಮಾಮೂಲು ಚಿಕಿತ್ಸೆಯ ಜೊತೆ ಅಮೃತಬಳ್ಳಿಯನ್ನೂ ಕೊಟ್ಟರು. ಕೊಡದ ಗುಂಪಿನಲ್ಲಿ ಅರ್ಧಕ್ಕರ್ಧ ಮಂದಿಗೆ ರಕ್ತಕ್ಕೆ ನಂಜೇರಿತು, ಕೊಟ್ಟ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. 1993ರಲ್ಲಿ ಪ್ರಕಟವಾದದ್ದು ಇದು. ಕುಗ್ಗಿಹೋದ ರಕ್ಷಣಾ ಶಕ್ತಿಯನ್ನು ಬಳ್ಳಿ ಎಬ್ಬಿಸುತ್ತದೆ ಅಂತ ಅವರು ತೋರಿಸಿದರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕುಗ್ಗಿದ ರಕ್ಷಣಾ ಶಕ್ತಿಯನ್ನು ಎಬ್ಬಿಸಿದ ಬಳ್ಳಿ, ತನ್ನ ಮೇಲೆಯೇ ತಿರುಗಿಬೀಳಲು ಹೊಂಚುತ್ತಿರುವ ಶಕ್ತಿಯನ್ನೂ ಎಬ್ಬಿಸೀತಲ್ಲವೇ? 2021ರ ವೈದ್ಯರ ಅನುಮಾನವೂ ಅದೇ. ಪರೇಲಿನ ಪ್ರಯೋಗ, ಜಸ್ಲೋಕಿನ ವರದಿ ಒಂದಕ್ಕೊಂದು ವೈರಿಗಳಲ್ಲ. ಒಂದು ಬಳ್ಳಿ ಯಾರಿಗೆ, ಎಷ್ಟು, ಎಷ್ಟು ದಿನ ಅನ್ನುವ ಒಂದೇ ಪ್ರಶ್ನೆಗೆ ಇಬ್ಬರೂ ಉತ್ತರ ಹುಡುಕುತ್ತಿದ್ದಾರೆ. ಹಳೇ ಕಾಲದ ಪಂಡಿತರು ನಾಡಿ ಹಿಡಿದು, ವಯಸ್ಸು ಕೇಳಿ, ಪಥ್ಯ ಹೇಳಿ ಕೊಡುತ್ತಿದ್ದದ್ದು ಮತ್ತೇಕೆ? ಎಲ್ಲರಿಗೂ ಒಂದೇ ಲೋಟ ಅನ್ನುವುದು ಆಯುರ್ವೇದವೂ ಅಲ್ಲ, ವಿಜ್ಞಾನವೂ ಅಲ್ಲ.

"ಇಂಗ್ಲಿಷ್ ಮದ್ದಿಗೆ ಅಡ್ಡಪರಿಣಾಮ ಇಲ್ವಾ?" ಅಂತ ಈಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದೆ, ಬೇಕಾದಷ್ಟಿದೆ. ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಲಿವರೇ ಹೋದೀತು. ಅದು ನಮಗೆ ಗೊತ್ತಿರುವುದು ಯಾರೋ ಲೆಕ್ಕ ಇಟ್ಟು, ಕಂಪೆನಿಗೆ ಇಷ್ಟವಿದ್ದರೂ ಇಲ್ಲದಿದ್ದರೂ ಹೊರಗೆ ಹೇಳಿದ್ದರಿಂದ. ನಮ್ಮ ಬಳ್ಳಿಗೆ ಲೆಕ್ಕ ಇಡಹೊರಟ ಡಾಕ್ಟರನ್ನು ಮಾತ್ರ 'ವಿದೇಶಿ ಕಂಪೆನಿಯ ಏಜೆಂಟ್' ಅನ್ನುತ್ತೇವೆ. ಬೈದರೆ ಲಿವರ್ ರಿಪೇರಿ ಆಗುತ್ತದೆಯೇ?

ನಾನು ಕೇಳುವುದು ದೊಡ್ಡದೇನಲ್ಲ. ಪುಡಿ, ಗುಳಿಗೆ, ಜ್ಯೂಸ್ ಮಾರುವವರು ಗಿಡದ ಸಸ್ಯಶಾಸ್ತ್ರದ ಹೆಸರು, ಅಳತೆ, ಎಷ್ಟು ದಿನ, ಯಾರು ತೆಗೆದುಕೊಳ್ಳಬಾರದು ಅನ್ನುವುದನ್ನು ಓದಲಿಕ್ಕಾಗುವ ಅಕ್ಷರದಲ್ಲಿ ಬರೆಯಲಿ. ಆಯುಷ್ ಮದ್ದುಗಳಿಂದ ತೊಂದರೆಯಾದರೆ ವರದಿ ಮಾಡುವ ವ್ಯವಸ್ಥೆ ಸರಕಾರದಲ್ಲೇ ಇದೆ, ದಿಲ್ಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆ ಅದರ ಕೇಂದ್ರ. ಕಷಾಯದ ಜಾಹೀರಾತು ಮಾಡಿದಷ್ಟೇ ಜೋರಾಗಿ ಅದನ್ನೂ ಸಾರಲಿ. ನಾವು ನೀವು ಡಾಕ್ಟರ ಹತ್ತಿರ ಹೋದಾಗ ಕಷಾಯ, ಪುಡಿ, ಗುಳಿಗೆ ಎಲ್ಲ ಕೇಳದಿದ್ದರೂ ಹೇಳೋಣ. ನಾಚಿಕೆ ಯಾತಕ್ಕೆ?

ಅಕ್ಕನ ಡಬ್ಬಿಯ ಮೇಲೆ 'ವಿಷ ತೆಗೆದದ್ದು' ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. 2015ರ ಕಥೆ ಹೇಳಿದೆ. ನರರೋಗದ ಡಾಕ್ಟರಿಗೆ ತೋರಿಸದೆ ಒಂದು ಗುಳಿಗೆಯನ್ನೂ ಮುಟ್ಟಬೇಡಿ ಅಂದೆ. ಅಕ್ಕ ಡಬ್ಬಿ ವಾಪಸು ಚೀಲಕ್ಕೆ ಹಾಕಿಕೊಂಡರು. ಪಕ್ಕದವರಿಗೆ ನನ್ನ ಮೇಲೆ ಸ್ವಲ್ಪ ಬೇಸರವಾಯಿತು ಅಂತ ಕಾಣುತ್ತದೆ. ಆಗಲಿ ಬಿಡಿ.

ನಮ್ಮ ಗ್ರಿಲ್ಲಿನ ಬಳ್ಳಿ ಈಗಲೂ ಇದೆ, ಕಿತ್ತುಹಾಕಿಲ್ಲ. ಅದರ ತಪ್ಪೇನು? ಆದರೆ ಯಾರಾದರೂ "ಸ್ವಲ್ಪ ಕೊಡಿ" ಅಂತ ಬಂದರೆ ಮೊದಲು ಕೂರಿಸಿ ನಾಲ್ಕು ಪ್ರಶ್ನೆ ಕೇಳುತ್ತೇನೆ. ನಿಮಗೆ ಲಿವರಿನ, ಥೈರಾಯ್ಡಿನ ತೊಂದರೆ ಇದೆಯಾ? ಯಾರು ಹೇಳಿದರು? ಎಷ್ಟು ದಿನ ಕುಡಿಯುತ್ತೀರಿ? ನಿಮ್ಮ ಡಾಕ್ಟರಿಗೆ ಗೊತ್ತಾ? ಅರ್ಧ ಮಂದಿ ಬರಿಗೈಯಲ್ಲಿ ಎದ್ದು ಹೋಗುತ್ತಾರೆ. ನೀವೇನಂತೀರಿ?