ಮಾತಿನ ವೇಷ

ಕಳೆದ ಗಣೇಶನ ಹಬ್ಬಕ್ಕೆ ನಮ್ಮ ಅಣ್ಣನವರ ಮೊಮ್ಮಗನು ನಮ್ಮಲ್ಲಿಗೆ ಬಂದಿದ್ದನು. ಊಟವಾದೊಡನೆ ಜಗುಲಿಯ ಮೂಲೆ ಹಿಡಿದು ಮೊಬೈಲಿನಲ್ಲಿ ಎಡೆಬಿಡದೆ ಬರೆಯುತ್ತಿದ್ದನು. "ಪಾಠವೇನಪ್ಪ?" ಎಂದೆವು. "ಅಲ್ಲ ಚಿಕ್ಕಜ್ಜ, ಆಟ. ನಾನೀಗ ಪಾಳೆಯಗಾರನ ಮಂತ್ರಿ" ಎಂದನು. ಇಣಿಕಿ ನೋಡಿದರೆ ಚಿತ್ರವಿಲ್ಲ, ಸದ್ದಿಲ್ಲ. ಬರಿಯ ಕನ್ನಡದ ಅಕ್ಷರಗಳು. ನಾಲ್ಕು ಸಾಲು ಬರೆಯೆಂದರೆ ನುಣುಚಿಕೊಳ್ಳುತ್ತಿದ್ದ ಹುಡುಗನಿವನು! ನಮಗೆ ಕುತೂಹಲವುಂಟಾಯಿತು.

ಅವನೂ ಅವನ ಸಹಪಾಠಿಗಳೂ ವಾಟ್ಸಾಪಿನ ಗುಂಪೊಂದರಲ್ಲಿ ತಾವೇ ಕಟ್ಟಿಕೊಂಡ ಆಟವದು. ಒಬ್ಬನು ಸೂತ್ರಧಾರ. ಕೋಟೆಯ ಬಾಗಿಲು ಮುಚ್ಚಿದೆ, ಮಳೆ ಸುರಿಯುತ್ತಿದೆ, ಹೊರಗೆ ಅಪರಿಚಿತನೊಬ್ಬನು ನಿಂತಿದ್ದಾನೆ ಎಂದು ಅವನು ಸನ್ನಿವೇಶವನ್ನು ಬರೆಯುವನು. ತಮ್ಮ ತಮ್ಮ ಪಾತ್ರವು ಏನು ನುಡಿಯಿತು, ಏನು ಮಾಡಿತು ಎಂಬುದನ್ನು ಉಳಿದವರು ಬರೆಯುವರು.

ಮಕ್ಕಳು ಕಟ್ಟಿದ ಆಟವಾದರೂ ಇದರ ವಂಶಾವಳಿಯು ಸಣ್ಣದಲ್ಲ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದಲ್ಲಿ ಮೇಜಿನ ಸುತ್ತ ಕುಳಿತವರು ಪಾತ್ರಗಳಾಗಿ ಮಾತನಾಡಿ, ದಾಳವನ್ನುರುಳಿಸಿ ಫಲವನ್ನು ನಿರ್ಣಯಿಸುವರು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಎಂಬವರು ಗಣಕಯಂತ್ರದಲ್ಲಿ 'ಮಡ್' ಎಂಬ ಆಟವನ್ನು ರಚಿಸಿದರು; ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ಹಲವರು ಏಕಕಾಲದಲ್ಲಿ ಒಂದೇ ಕಲ್ಪಿತ ಲೋಕವನ್ನು ಹೊಕ್ಕು, ಬರೆದ ಮಾತಿನಿಂದಲೇ ಅಲ್ಲಿ ನಡೆದಾಡುವುದು ಸಾಧ್ಯವಾಯಿತು.

ನಮಗಾದರೋ ತಾಳಮದ್ದಳೆಯು ನೆನಪಿಗೆ ಬಂದಿತು. ಅಲ್ಲಿಯೂ ಕಿರೀಟವಿಲ್ಲ, ಬಣ್ಣವಿಲ್ಲ, ಮಾತೇ ವೇಷ.

ಮೂರನೆಯ ದಿನ ಹುಡುಗನ ಮುಖವು ಬಾಡಿತ್ತು. ರಾಣಿಯ ಪಾತ್ರವನ್ನು ವಹಿಸಿದ್ದವಳು ಅವನ ತರಗತಿಯ ಹುಡುಗಿ. ಅವಳ ಮಾತು ತುಸು ತೊದಲುವುದುಂಟು. ವಾದದ ಭರದಲ್ಲಿ ನಮ್ಮ ಮಂತ್ರಿಯು ರಾಣಿಯ ತೊದಲನ್ನು ಸಭೆಯಲ್ಲಿ ಅಣಕಿಸಿ ಬರೆದನಂತೆ, ಎಲ್ಲರೂ ನಕ್ಕರಂತೆ. ಅವಳು ಗುಂಪನ್ನೇ ಬಿಟ್ಟುಹೋದಳು. "ಆಡಿದ್ದು ಮಂತ್ರಿ, ನಾನಲ್ಲ ಚಿಕ್ಕಜ್ಜ" ಎಂದನು.

ಈ ಸಮಾಧಾನವು ಹಳೆಯದು. 1990ರಲ್ಲಿ ಅಮೆರಿಕದ ಪೇವಲ್ ಕರ್ಟಿಸ್ ಎಂಬವರು 'ಲ್ಯಾಂಬ್ಡಮೂ' ಎಂಬ ಇಂತಹದೇ ಅಕ್ಷರಲೋಕವೊಂದನ್ನು ತೆರೆದಿದ್ದರು. ಅಲ್ಲಿ ಒಬ್ಬನು ಕಲ್ಪಿತ ನಾಮದ ಮರೆಯಲ್ಲಿ ನಿಂತು, ಇತರ ಪಾತ್ರಗಳಿಗೆ ಅಸಭ್ಯ ಕೃತ್ಯಗಳನ್ನು ಆರೋಪಿಸಿ ಬರೆದನು. ಯಾರ ಮೈಯನ್ನೂ ಮುಟ್ಟಲಿಲ್ಲ. ಆದರೂ ನೊಂದವರಲ್ಲಿ ಒಬ್ಬಾಕೆ ನಿಜವಾಗಿಯೇ ಕಣ್ಣೀರಿಟ್ಟರೆಂದು ಜೂಲಿಯನ್ ಡಿಬೆಲ್ ಎಂಬ ಲೇಖಕರು 1993ರಲ್ಲಿ ಬರೆದರು. ವೇಷವು ಕಲ್ಪಿತವಾಗಬಹುದು, ನೋವು ಕಲ್ಪಿತವಲ್ಲ.

ತಾಳಮದ್ದಳೆಯ ಭೀಮ ದುರ್ಯೋಧನರು ಇರುಳೆಲ್ಲ ಬೈದಾಡಿ, ಬೆಳಗಾದೊಡನೆ ಜೊತೆಗೂಡಿ ಕಾಫಿ ಕುಡಿಯುವುದಿಲ್ಲವೆ ಎಂದು ವಾಚಕರು ಕೇಳಬಹುದು. ಕುಡಿಯುವರು. ಏಕೆಂದರೆ ಅಲ್ಲಿ ಎದುರಾಳಿಯ ಮುಖವು ಕಣ್ಣೆದುರಿಗೇ ಇರುವುದು. ಅದು ಕಂದಿದರೆ ಮಾತು ತಾನಾಗಿ ಹದಕ್ಕೆ ಬರುವುದು. ಹದ ಮೀರಿದರೆ ಎಚ್ಚರಿಸಲು ಭಾಗವತರಿರುವರು. ಮೊಬೈಲಿನಲ್ಲಿ ಮುಖವು ಕಾಣದು. ಅಲ್ಲದೆ, ಬೈಗುಳವು ಪಾತ್ರದ ಕಥೆಗೆ ಸೇರಿರಬೇಕು, ಪಾತ್ರಧಾರಿಯ ದೇಹಕ್ಕಲ್ಲ. ತೊದಲು ರಾಣಿಯದಾಗಿರಲಿಲ್ಲ, ಆ ಹುಡುಗಿಯದು.

"ಮಂತ್ರಿಯಾಗಿ ಬರೆಯಬೇಡ, ನಿನ್ನ ಹೆಸರಿನಿಂದ, ನೀನೇ ಹೋಗಿ ಕೇಳು" ಎಂದೆವು. ಊರಿಗೆ ಮರಳಿದವನು ಹೋಗಿ ಕೇಳಿದನು. "ಕ್ಷಮಿಸಿದ್ದೇನೆ, ಆಟಕ್ಕೆ ಮಾತ್ರ ಬರಲಾರೆ" ಎಂದಳಂತೆ. ಆಟವು ನಿಂತಿಲ್ಲ. ಆದರೆ ಯಾರೇ ಆಗಲಿ 'ಸಾಕು' ಎಂದು ಬರೆದೊಡನೆ ಎಲ್ಲರೂ ನಿಲ್ಲಿಸತಕ್ಕದ್ದೆಂಬ ನಿಯಮವನ್ನು ಈಗ ಮಾಡಿಕೊಂಡಿರುವರು. ರಾಣಿಯ ಸ್ಥಾನವು ತೆರವಾಗಿಯೇ ಇದೆಯಂತೆ.

ಗೃಹಸ್ಥರು ಈ ಆಟವನ್ನು ನಿಷೇಧಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಭಾಷೆಗೂ ಕಲ್ಪನೆಗೂ ಇದು ಒಳ್ಳೆಯ ಗರಡಿ. ಆದರೆ ಗುಂಪಿನಲ್ಲಿ ಯಾರಿದ್ದಾರೆ, ಸೂತ್ರಧಾರನು ಯಾರು, 'ಸಾಕು' ಎಂದವರ ಮಾತು ನಡೆಯುವುದೇ ಎಂಬ ಮೂರನ್ನು ಮಕ್ಕಳಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಗದರಿಸಿ ಅಲ್ಲ, ಜಗುಲಿಯಲ್ಲಿ ಪಕ್ಕದಲ್ಲಿ ಕುಳಿತು.