ದಾಳ ಮೇಜಿನ ಮೇಲೇ ಇರಲಿ

‘ವಾರ್‌ಹ್ಯಾಮರ್ 40,000: ಮೆಕ್ಯಾನಿಕಸ್ 2’ ಎಂಬ ವಿಡಿಯೊ ಗೇಮ್ 2024ರ ಮೇ ತಿಂಗಳಲ್ಲಿ ಘೋಷಣೆಯಾಯಿತು. ಬುಲ್ವಾರ್ಕ್ ಸ್ಟುಡಿಯೋಸ್ ತಯಾರಿಸುತ್ತಿರುವ, ಕಸೆಡೊ ಗೇಮ್ಸ್ ಹೊರತರಲಿರುವ ಈ ಆಟದ ಬೇರು ಇರುವುದು ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಹೊರತಂದ ಮೇಜಿನ ಯುದ್ಧದಾಟದಲ್ಲಿ. ಬಣ್ಣ ಬಳಿದ ಪುಟ್ಟ ಬೊಂಬೆಗಳು, ಅಳತೆಯ ಟೇಪು, ಹಿಡಿ ತುಂಬ ದಾಳ, ದಪ್ಪನೆಯ ನಿಯಮಪುಸ್ತಕ ಆ ಆಟದ ಸಾಮಗ್ರಿ. 2018ರ ನವೆಂಬರ್‌ನಲ್ಲಿ ಬಂದ ‘ಮೆಕ್ಯಾನಿಕಸ್’ ಮೊದಲ ಭಾಗದಲ್ಲಿ ಯಂತ್ರವನ್ನೇ ದೈವವೆಂದು ಪೂಜಿಸುವ ಪುರೋಹಿತ ಪಂಥವೊಂದನ್ನು ಮಾತ್ರ ಆಡಿಸಬಹುದಿತ್ತು. ಎರಡನೆಯದರಲ್ಲಿ ಅವರ ವೈರಿಗಳಾದ, ಲೋಹದ ಮೈಯ ನೆಕ್ರಾನ್‌ಗಳ ಪಾಳೆಯವನ್ನೂ ಆಟಗಾರ ಆರಿಸಿಕೊಳ್ಳಬಹುದು. ಇಂಥ ಆಟ ಬರುತ್ತದೆಂದು ಗೊತ್ತಾದಾಗಲೆಲ್ಲ ಒಂದೇ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ಮೇಜಿನ ನಿಯಮಗಳನ್ನು ಇದ್ದಂತೆಯೇ ಪರದೆಗೆ ತರಬೇಕು ಎನ್ನುವವರು ಒಂದು ಕಡೆ, ಪರದೆಗೆ ಪರದೆಯದೇ ನಿಯಮ ಬೇಕು ಎನ್ನುವವರು ಇನ್ನೊಂದು ಕಡೆ. ಮೊದಲನೆಯವರ ದನಿ ಸಾಮಾನ್ಯವಾಗಿ ಜೋರು. ಆದರೆ ಅವರ ವಾದ ಪೊಳ್ಳು.

ಮೂಲನಿಷ್ಠರು ಮುಖ್ಯವಾಗಿ ಕೇಳುವುದು ದಾಳವನ್ನು. ಗುಂಡು ಹಾರಿಸಿದರೆ ಅದು ತಾಗುವುದೂ ತಪ್ಪುವುದೂ ಅದೃಷ್ಟಕ್ಕೆ ಬಿಟ್ಟದ್ದಾಗಿರಬೇಕು, ಅದೇ ಯುದ್ಧದಾಟದ ಜೀವ ಎಂಬುದು ಅವರ ನಂಬಿಕೆ. ಇತಿಹಾಸ ಈ ಮಾತನ್ನು ಒಪ್ಪುವುದಿಲ್ಲ. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ‘ಕ್ರೀಗ್ಸ್‌ಶ್ಪೀಲ್’ ನಿಯಮಗಳಲ್ಲಿ ದಾಳಗಳೂ ಕೋಷ್ಟಕಗಳೂ ಇದ್ದವು ನಿಜ. ಅದೇ ಪ್ರಷ್ಯದಲ್ಲಿ 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಅಧಿಕಾರಿ ಅವೆರಡನ್ನೂ ಬದಿಗೆ ಸರಿಸಿ, ಫಲಿತಾಂಶ ಹೇಳುವ ಹೊಣೆಯನ್ನು ಅನುಭವಿ ಪಂಚನಿಗೆ ಒಪ್ಪಿಸಿದ. ಎಚ್. ಜಿ. ವೆಲ್ಸ್ 1913ರಲ್ಲಿ ಬರೆದ ‘ಲಿಟ್ಲ್ ವಾರ್ಸ್’ ಬೊಂಬೆ ಸೈನಿಕರ ಯುದ್ಧದಾಟಗಳ ಮೂಲಪುರುಷನಂಥ ಪುಸ್ತಕ. ಅದರಲ್ಲಿ ತೋಪು ಹೊಡೆಯುವುದಕ್ಕೆ ದಾಳವೇ ಇಲ್ಲ. ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ಮರದ ಚೂರನ್ನು ನಿಜವಾಗಿಯೇ ಹಾರಿಸಬೇಕು, ಉರುಳಿಬಿದ್ದ ಸೈನಿಕ ಸತ್ತಂತೆ. ಅಂದರೆ ದಾಳ ಬೇಕೇ ಬೇಡವೇ ಎಂಬ ತಕರಾರಿಗೆ ಒಂದೂವರೆ ಶತಮಾನ ಕಳೆದಿದೆ, ಆಗ ಬೇಡ ಎಂದವರು ಯುದ್ಧ ತಿಳಿಯದವರೇನಲ್ಲ.

ಮೇಜಿನ ಮೇಲೆ ದಾಳ ಯಾಕೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ವಾರ್‌ಹ್ಯಾಮರ್‌ನಲ್ಲಿ ಒಂದು ಗುಂಡಿಗೆ ಮೂರು ಹಂತ: ತಾಗಿತೇ, ಗಾಯವಾಯಿತೇ, ರಕ್ಷಾಕವಚ ತಡೆಯಿತೇ. ತಾಗಲು ಮೂರು ಅಥವಾ ಹೆಚ್ಚು, ಗಾಯಕ್ಕೆ ನಾಲ್ಕು ಅಥವಾ ಹೆಚ್ಚು, ಕವಚ ತಡೆಯಲು ಮೂರು ಅಥವಾ ಹೆಚ್ಚು ಬೀಳಬೇಕು ಎಂದಿಟ್ಟುಕೊಂಡರೆ, 90 ಗುಂಡುಗಳಲ್ಲಿ ಸರಾಸರಿ 60 ತಾಗುತ್ತವೆ, 30 ಗಾಯ ಮಾಡುತ್ತವೆ, 10 ಕವಚ ದಾಟುತ್ತವೆ. ದಾಳಗಳ ಸಂಖ್ಯೆ ಇಷ್ಟು ದೊಡ್ಡದಾದಾಗ ಹೆಚ್ಚಿನ ಸಲ ಫಲಿತಾಂಶ ಏಳರಿಂದ ಹದಿಮೂರರ ಒಳಗೇ ಬೀಳುತ್ತದೆ. ಒಂದು ದಾಳ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ದಂಡನಾಯಕನ ಲೆಕ್ಕಾಚಾರ ಒಟ್ಟಿನಲ್ಲಿ ಉಳಿದುಕೊಳ್ಳುತ್ತದೆ. ಜೊತೆಗೆ ದಾಳ ಬೀಳುವುದು ಇಬ್ಬರ ಕಣ್ಣೆದುರಿಗೇ. ಆರು ಬಿದ್ದಾಗ ಕೂಗು, ಒಂದು ಬಿದ್ದಾಗ ನಗೆ, ನಡುವೆ ಚಹಾ. ಆ ಸಂಭ್ರಮದಲ್ಲಿ ಅರ್ಧ ಪಾಲು ಎದುರಿಗೆ ಕೂತವರದು.

ಪರದೆಯ ಮೇಲಿನ ತಂತ್ರದಾಟದಲ್ಲಿ ಈ ಎರಡೂ ಇರುವುದಿಲ್ಲ. ಅಲ್ಲಿ ಆಟಗಾರನ ಕೈಯಲ್ಲಿರುವುದು ನಾಲ್ಕೋ ಆರೋ ಆಳು, ಒಬ್ಬೊಬ್ಬನಿಗೆ ಸರದಿಗೊಂದೋ ಎರಡೋ ಏಟು. ನೂರಕ್ಕೆ 85ರಷ್ಟು ಖಾತ್ರಿ ಎಂದು ಪರದೆ ತೋರಿಸುವ ಏಟೂ ಸುಮಾರು ಏಳರಲ್ಲಿ ಒಂದು ಸಲ ತಪ್ಪುತ್ತದೆ. ಅಂಥ ಹತ್ತು ನಿರ್ಣಾಯಕ ಏಟುಗಳೂ ತಾಗುವ ಸಾಧ್ಯತೆ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ. ಜಾಗ ಸರಿಯಾಗಿ ಹಿಡಿದು, ಸರದಿಯನ್ನು ಸರಿಯಾಗಿ ಯೋಚಿಸಿದವನೂ ಒಂದೇ ಒಂದು ಸಂಖ್ಯೆಯಿಂದ ಇಡೀ ತಂಡವನ್ನು ಕಳೆದುಕೊಳ್ಳುತ್ತಾನೆ. ಆಮೇಲೆ ಅವನು ಮಾಡುವುದು ಎಲ್ಲರಿಗೂ ಗೊತ್ತಿರುವುದೇ: ಹಿಂದೆ ಸೇವ್ ಮಾಡಿಟ್ಟ ಹಂತಕ್ಕೆ ಹೋಗಿ ಮತ್ತೆ ಹೊಡೆಯುತ್ತಾನೆ. ಮೇಜಿನ ನಿಯಮವನ್ನು ಅಕ್ಷರಶಃ ತಂದರೂ ಮೇಜಿನ ಅನುಭವ ಬರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗೇಮ್ ತಯಾರಕರಿಗೆ ಇದು ಬಹಳ ಹಿಂದೆಯೇ ಗೊತ್ತಾಗಿದೆ. ಗೊತ್ತಾದವರಲ್ಲಿ ಕೆಲವರು ಸುಳ್ಳು ಹೇಳುವ ದಾರಿ ಹಿಡಿದರು. ಜಪಾನಿನ ‘ಫೈರ್ ಎಂಬ್ಲೆಮ್’ ಸರಣಿಯಲ್ಲಿ 2002ರ ಆಟದಿಂದ ಎರಡು ಸಂಖ್ಯೆಗಳನ್ನು ಉರುಳಿಸಿ ಅವುಗಳ ಸರಾಸರಿ ತೆಗೆಯುವ ಪದ್ಧತಿ ಬಂತು. ಪರದೆಯಲ್ಲಿ 90 ಎಂದು ಕಂಡರೆ ನಿಜವಾದ ಸಾಧ್ಯತೆ ಸುಮಾರು 98. ‘ಎಕ್ಸ್‌ಕಾಮ್ 2’ (2016) ಸುಲಭದ ಮಟ್ಟಗಳಲ್ಲಿ ಆಟಗಾರನಿಗೆ ಗುಟ್ಟಾಗಿ ಅಂಕ ಕೂಡಿಸುತ್ತದೆ. ಅಂದರೆ ದಾಳ ಇದೆ ಎಂದು ತೋರಿಸಬೇಕು, ಆದರೆ ಅದು ದಾಳದಂತೆ ನಡೆದುಕೊಳ್ಳಬಾರದು! ಇಷ್ಟು ನಾಟಕ ಆಡಬೇಕಾದ ಸಾಧನವನ್ನು ಇಟ್ಟುಕೊಳ್ಳುವುದಾದರೂ ಯಾತಕ್ಕೆ?

ಗುರಿ ತಪ್ಪಿಸುವ ದಾಳವನ್ನು ಬಿಟ್ಟುಬಿಟ್ಟವರೂ ಇದ್ದಾರೆ, ಅವರಲ್ಲಿ ಇಬ್ಬರು ವಾರ್‌ಹ್ಯಾಮರ್ ಮನೆಯವರೇ. 2022ರ ‘ಕೇಯಾಸ್ ಗೇಟ್: ಡೀಮನ್‌ಹಂಟರ್ಸ್’ನಲ್ಲಿ ಗುರಿ ತಪ್ಪುವುದೇ ಇಲ್ಲ. ದೂರ ಹೆಚ್ಚಿದಷ್ಟೂ, ಶತ್ರು ಮರೆಯಲ್ಲಿದ್ದಷ್ಟೂ ಏಟಿನ ಬಲ ಕುಗ್ಗುತ್ತದೆ. ಟ್ರಿಗರ್ ಒತ್ತುವ ಮೊದಲೇ ಲೆಕ್ಕ ಕಣ್ಣ ಮುಂದಿರುತ್ತದೆ. ‘ಮೆಕ್ಯಾನಿಕಸ್’ ಮೊದಲ ಭಾಗವೂ ಇದೇ ಜಾಡಿನದು. ನೆಕ್ರಾನ್‌ಗಳು ಸತ್ತರೂ ಎದ್ದು ಬರುವ ಜಾತಿ. ಮೇಜಿನಾಟದ ಹಳೆಯ ಆವೃತ್ತಿಗಳಲ್ಲಿ ಬಿದ್ದ ನೆಕ್ರಾನ್ ಏಳುತ್ತದೋ ಇಲ್ಲವೋ ಎಂದು ದಾಳ ಉರುಳಿಸಿ ತಿಳಿಯಬೇಕಿತ್ತು. ವಿಡಿಯೊ ಗೇಮ್ ಅದನ್ನು ಗಡುವಾಗಿ ಬದಲಿಸಿತು: ಬಿದ್ದದ್ದನ್ನು ಕೆಲವು ಸರದಿಯೊಳಗೆ ಪೂರ್ತಿ ಪುಡಿ ಮಾಡದಿದ್ದರೆ ಅದು ಎದ್ದು ನಿಲ್ಲುತ್ತದೆ. ಈಗ ನಿಂತಿರುವ ಶತ್ರುವಿಗೆ ಹೊಡೆಯಬೇಕೇ, ಬಿದ್ದವನನ್ನು ಮುಗಿಸಬೇಕೇ ಎಂಬ ನಿಜವಾದ ಇಕ್ಕಟ್ಟು ಹುಟ್ಟಿತು. ನಿಯಮ ಬದಲಾಯಿತು, ನೆಕ್ರಾನ್‌ಗಳ ಭಯ ಮಾತ್ರ ಹಾಗೇ ಉಳಿಯಿತು. ಮೂಲಕ್ಕೆ ನಿಷ್ಠೆ ಎಂದರೆ ಇದಕ್ಕಿಂತ ಹೆಚ್ಚೇನು ಬೇಕು?

ಅದೃಷ್ಟವನ್ನೇ ಗಡಿಪಾರು ಮಾಡಬೇಕೆಂದು ಇದರ ಅರ್ಥವಲ್ಲ. ಅದೃಷ್ಟ ಯಾವಾಗ ಬರಬೇಕು ಎಂಬುದು ಪ್ರಶ್ನೆ. ಚೌಕಾಬಾರದಲ್ಲಿ ಕವಡೆ ಮೊದಲು ಬೀಳುತ್ತದೆ, ಯಾವ ಕಾಯಿ ನಡೆಸಬೇಕೆಂಬ ಯೋಚನೆ ಆಮೇಲೆ. ಬಂದದ್ದರಲ್ಲಿ ಏನು ಮಾಡಬಹುದು ಎಂಬ ಜಾಣತನಕ್ಕೆ ಅಲ್ಲಿ ಜಾಗವಿದೆ. ಯಾವ ಶತ್ರು ಯಾವ ಮೂಲೆಯಿಂದ ಬರುತ್ತಾನೆ, ನೆಕ್ರಾನ್‌ಗಳ ಗೋರಿಯ ಯಾವ ಕೋಣೆಯಲ್ಲಿ ಏನಿದೆ ಎಂಬುದೆಲ್ಲ ಅದೃಷ್ಟಕ್ಕೆ ಬಿಟ್ಟರೆ ಸೊಗಸು. ತೀರ್ಮಾನ ಆದಮೇಲೆ ಬಂದು ಅದನ್ನು ಅಳಿಸಿಹಾಕುವ ಅದೃಷ್ಟವೇ ತಂತ್ರದಾಟಕ್ಕೆ ಶತ್ರು.

ಮೂಲನಿಷ್ಠರ ಕೈಯಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. 1984ರ ಮೇಜಿನಾಟದಿಂದ ಬಂದ ‘ಬ್ಯಾಟಲ್‌ಟೆಕ್’ (2018) ಶೇಕಡಾವಾರು ಲೆಕ್ಕವನ್ನು ಉಳಿಸಿಕೊಂಡೂ ಗೆದ್ದಿತು. ಮೂಲ ಆಟದ ಸೃಷ್ಟಿಕರ್ತರಲ್ಲಿ ಒಬ್ಬನಾದ ಜೋರ್ಡನ್ ವೈಸ್‌ಮನ್ ವಿಡಿಯೊ ಗೇಮ್‌ನ ಹಿಂದೆಯೂ ಇದ್ದ. ಆದರೆ ಆ ಗೆಲುವಿಗೆ ಕಾರಣ ಬೇರೆ. ಅಲ್ಲಿ ಒಂದೊಂದು ದೈತ್ಯ ಯಂತ್ರವೂ ಸರದಿಗೆ ಹಲವು ಆಯುಧಗಳನ್ನು ಒಟ್ಟಿಗೆ ಹಾರಿಸುತ್ತದೆ, ಬಿದ್ದ ಏಟು ತಲೆ, ಎದೆ, ಕೈಕಾಲುಗಳ ಮೇಲೆ ಹಂಚಿಹೋಗುತ್ತದೆ. ಮೇಜಿನ ಮೇಲಿನ ಹಿಡಿ ದಾಳದ ಸರಾಸರಿ ಇಲ್ಲಿ ಯಂತ್ರದ ಮೈಯೊಳಗೇ ನಡೆಯುತ್ತದೆ. ಆ ಉದಾಹರಣೆ ಮೂಲನಿಷ್ಠರ ವಾದಕ್ಕಿಂತ ಮೇಲಿನ ಲೆಕ್ಕಕ್ಕೇ ಹೆಚ್ಚು ಬಲ ಕೊಡುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಲ್ಲ ಮೊದಲೇ ಗೊತ್ತಿದ್ದರೆ ಆಟ ಗಣಿತದ ಸಮಸ್ಯೆಯಾಗುತ್ತದೆ, ಒಮ್ಮೆ ಬಿಡಿಸಿದ ಮೇಲೆ ಮುಗಿಯಿತು ಎಂಬುದು ಅದರ ತಿರುಳು. ‘ಮೆಕ್ಯಾನಿಕಸ್’ ಮೊದಲ ಭಾಗದ ಉತ್ತರಾರ್ಧ ಸಪ್ಪೆಯಾಯಿತು ಎಂಬ ದೂರು ನಿಜವೇ. ಪುರೋಹಿತರು ಬಲಿತ ಮೇಲೆ ಶತ್ರುಗಳು ತಮ್ಮ ಸರದಿ ಬರುವ ಮೊದಲೇ ಮಣ್ಣುಪಾಲಾಗುತ್ತಿದ್ದರು. ಆದರೆ ತಪ್ಪು ಇರುವುದು ಆ ಆಟದ ಅಂಕಗಳ ವ್ಯವಸ್ಥೆಯಲ್ಲಿ. ‘ಕಾಗ್ನಿಷನ್’ ಎಂಬ ಅಂಕಗಳನ್ನು ಗಳಿಸಿ ಹೆಚ್ಚಿನ ನಡೆಗೂ ಹೆಚ್ಚಿನ ಆಯುಧಕ್ಕೂ ಖರ್ಚು ಮಾಡಬಹುದಿತ್ತು. ಮುಂದೆ ಹೋದಂತೆ ಗಳಿಕೆ ಬೆಳೆಯಿತು, ಶತ್ರು ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಅಲ್ಲಿ ಗುಂಡು ಆಗಾಗ ಗುರಿ ತಪ್ಪುವಂತೆ ಮಾಡಿದ್ದರೆ ಬೇಸರಕ್ಕೆ ಸಿಟ್ಟೂ ಸೇರುತ್ತಿತ್ತು, ಅಷ್ಟೇ. 2018ರಲ್ಲೇ ಬಂದ ‘ಇಂಟು ದ ಬ್ರೀಚ್’ ಶತ್ರು ಮುಂದಿನ ಸರದಿಯಲ್ಲಿ ಯಾರಿಗೆ ಹೊಡೆಯುತ್ತಾನೆಂದು ಮೊದಲೇ ತೋರಿಸಿಬಿಡುತ್ತದೆ. ಆದರೂ ಅದನ್ನು ಸುಲಭದ ಆಟ ಎಂದು ಆಡಿದವರು ಯಾರೂ ಹೇಳಲಾರರು.

ಹಾಗಾಗಿ ‘ಮೆಕ್ಯಾನಿಕಸ್ 2’ ಬಗ್ಗೆ ಊಹೆ ಮಾಡುವವರು ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಮರೆಯ ಹಿಂದೆ ನಿಲ್ಲುವ ನಿಯಮ ಮೊದಲ ಭಾಗದಲ್ಲಿರಲಿಲ್ಲ. ಈಗ ಬಂದರೆ ಅದು ಯಾವ ರೂಪದಲ್ಲಿ ಬರುತ್ತದೆ? ಏಟಿನ ಬಲ ತಗ್ಗಿಸಿದರೆ ಸರಿ, ಗುರಿ ತಪ್ಪುವ ಸಾಧ್ಯತೆ ಹೆಚ್ಚಿಸಿದರೆ ಹಿಂಬಾಗಿಲಿನಿಂದ ದಾಳ ಒಳಬಂದಂತೆ. ಎರಡು ಪಾಳೆಯಗಳ ಬುತ್ತಿ ಬೇರೆ ಬೇರೆಯಾಗಿರುತ್ತದೋ, ಒಂದೇ ಅಡುಗೆಗೆ ಎರಡು ಹೆಸರೋ? ನೆಕ್ರಾನ್‌ಗಳು ಆಟಗಾರನ ಕೈಗೆ ಬಂದ ಮೇಲೆ ಅವುಗಳ ಪುನರ್ಜನ್ಮ ಯಾರಿಗೂ ಭಯ ಹುಟ್ಟಿಸದ ಸವಲತ್ತಾಗಿಬಿಡುವ ಅಪಾಯವಿದೆ. ಎದುರಿನ ಪುರೋಹಿತರಿಗೆ ಬಿದ್ದವರನ್ನು ಹುಡುಕಿ ಮುಗಿಸುವ ಬುದ್ಧಿ ಇರದಿದ್ದರೆ ಆ ಕಥೆ ಅರ್ಧಕ್ಕೇ ಸಪ್ಪೆಯಾಗುತ್ತದೆ. ಮೊದಲ ಭಾಗವೂ ದಾಳವನ್ನು ಪೂರ್ತಿ ಬಿಟ್ಟಿರಲಿಲ್ಲ: ಏಟಿನ ಪ್ರಮಾಣದಲ್ಲಿ ಏರಿಳಿತವಿತ್ತು, ಕ್ರಿಟಿಕಲ್ ಏಟಿನ ಸಾಧ್ಯತೆಯೂ ಇತ್ತು. ಬುಲ್ವಾರ್ಕ್ ಈ ಸಲ ಅವುಗಳಲ್ಲಿ ಒಂದನ್ನಾದರೂ ಕೈಬಿಟ್ಟು, ಹಾಗೆ ಉಳಿದ ಶ್ರಮವನ್ನು ಶತ್ರುವಿನ ತಲೆಗೆ ಹಾಕಿದರೆ, ನಿಯಮಪುಸ್ತಕದ ಪುಟ ಹಿಡಿದು ಹೋಲಿಸಿ ನೋಡುವವರ ಅಸಮಾಧಾನವನ್ನು ಅದು ಧಾರಾಳವಾಗಿ ತಡೆದುಕೊಳ್ಳಬಹುದು.