ಅಮ್ಮನ ಜಿಂಟಿಗೆ ಡಿಕೋಡರ್ ಬೇಕೆ?

‘ಅತ್ತೆ, ಇದನ್ನ ಡಿಜಿಟಲ್ ಮಾಡಿಬಿಡೋಣ’ ಎಂದ ನನ್ನ ತಮ್ಮನ ಮಗ. ಕೈಯಲ್ಲಿ ಸ್ಕ್ರೂಡ್ರೈವರ್, ಮೇಜಿನ ಮೇಲೆ ನಮ್ಮಮ್ಮನ ರೈಲು ಇಂಜಿನ್ನು. ಇಂಗ್ಲೆಂಡಿನ ಡರ್ಬಿಯಲ್ಲಿರುವ ಅವನ ಮನೆಗೆ ನಾನು ಬಂದಿಳಿದು ಇನ್ನೂ ಎರಡು ದಿನವಾಗಿರಲಿಲ್ಲ. ‘ಮಾಡೋಣ’ ಎಂಬ ಬಹುವಚನ ಬರೀ ಮರ್ಯಾದೆಗೆ, ತೀರ್ಮಾನ ಆಗಿಹೋಗಿತ್ತು. ಹಾಲಿನವನನ್ನು ಬದಲಾಯಿಸುವಾಗಲೂ ನಮ್ಮ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಚರ್ಚೆ ನಡೆಯುತ್ತದೆ.

ಇಂಜಿನ್ ಎಂದರೆ ಅಂಗೈಯಲ್ಲಿ ಕೂರುವ ಆಟಿಕೆ. 1963ರಲ್ಲಿ ಅಪ್ಪ ತರಬೇತಿಗೆಂದು ಇಂಗ್ಲೆಂಡಿಗೆ ಹೋದವರು ತಂದದ್ದು. ಮಾರ್ಗೇಟ್ ಊರಿನ ಕಾರ್ಖಾನೆಯಲ್ಲಿ ತಯಾರಾದ ಟ್ರೈ-ಆಂಗ್ ರೈಲು. ಆರು ಗಾಲಿಯ ಕಪ್ಪು ಇಂಜಿನ್ನಿಗೆ ‘ಜಿಂಟಿ’ ಎಂದು ಹೆಸರು. 1924ರಿಂದ 1931ರವರೆಗೆ ಅಲ್ಲಿ ಕಟ್ಟಿದ 422 ನಿಜವಾದ ಉಗಿ ಇಂಜಿನ್ನುಗಳ ಅಡ್ಡಹೆಸರು ಅದು. ಹುಬ್ಬಳ್ಳಿಯ ನಮ್ಮ ಮನೆಯ ಕೆಂಪು ನೆಲದ ಮೇಲೆ ಹಳಿ ಜೋಡಿಸಿ ಅಪ್ಪ ಓಡಿಸಿದ್ದು ಎರಡು ವರ್ಷವೋ ಮೂರು ವರ್ಷವೋ. ಆಮೇಲೆ ಅವರಿಗೆ ಬೇಸರ ಬಂತು. ನವರಾತ್ರಿಯ ಗೊಂಬೆಗಳ ಮುಂದೆ ವರ್ಷವರ್ಷವೂ ಅದನ್ನು ಓಡಿಸಿದವಳು ಅಮ್ಮ. ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಅದ್ದಿ ಒಂದೇ ತೊಟ್ಟು ಬಿಡುತ್ತಿದ್ದಳು. ಗಾಲಿಗೆ ಸುತ್ತಿಕೊಂಡ ಕೂದಲು ಬಿಡಿಸುತ್ತಿದ್ದಳು. ಮೋಟರಿನ ಕಾರ್ಬನ್ ಬ್ರಷ್ಷು ಸವೆದದ್ದನ್ನು ಶಬ್ದದಲ್ಲೇ ಕಂಡುಹಿಡಿಯುತ್ತಿದ್ದಳು. ಆದರೂ ನೆಂಟರಿಷ್ಟರಿಗೆಲ್ಲ ಅದು ಕೊನೆಯವರೆಗೂ ‘ರಾಯರ ರೈಲು’. ಅಮ್ಮ ತೀರಿಕೊಂಡ ಮೇಲೆ ಮೊಮ್ಮಗ ಕೇಳಿದ, ನಾನು ಸೀರೆಯಲ್ಲಿ ಸುತ್ತಿ ತಂದುಕೊಟ್ಟೆ.

ಡಿಜಿಟಲ್ ಅಂದರೇನೆಂದು ಅವನಿಂದಲೇ ಕೇಳಿ ತಿಳಿದುಕೊಂಡೆ, ಬೈಯುವುದಕ್ಕಾದರೂ ವಿಷಯ ಗೊತ್ತಿರಬೇಕಲ್ಲ. ಹಳೆಯ ಪದ್ಧತಿ ಫ್ಯಾನಿನ ರೆಗ್ಯುಲೇಟರ್ ಇದ್ದಂತೆ. ಹಳಿಗೆ ಹರಿಯುವ ವಿದ್ಯುತ್ತನ್ನು ಸೊನ್ನೆಯಿಂದ 12 ವೋಲ್ಟಿನವರೆಗೆ ಏರಿಸಿದರೆ ವೇಗ ಏರುತ್ತದೆ, ಧನ-ಋಣ ಅದಲುಬದಲು ಮಾಡಿದರೆ ಇಂಜಿನ್ ಹಿಂದಕ್ಕೆ ಓಡುತ್ತದೆ. ಒಂದೇ ಹಳಿಯ ಮೇಲೆ ಎರಡು ಇಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಹೊರಡುತ್ತವೆ. ಜರ್ಮನಿಯ ಲೆಂಝ್ ಕಂಪನಿಯ ಪದ್ಧತಿಯನ್ನು ಆಧರಿಸಿ 1990ರ ದಶಕದಲ್ಲಿ ಅಮೆರಿಕದ ಮಾಡೆಲ್ ರೈಲು ಸಂಘದವರು ರೂಪಿಸಿದ ಹೊಸ ನಿಯಮದಲ್ಲಿ ಹಳಿಗೆ ಸದಾ ಪೂರ್ತಿ ವಿದ್ಯುತ್ತು ಇರುತ್ತದೆ. ಜೊತೆಗೇ ಆಜ್ಞೆಗಳೂ ಹರಿಯುತ್ತವೆ. ಪ್ರತಿ ಇಂಜಿನ್ನಿಗೂ ಒಂದೊಂದು ಸಂಖ್ಯೆ, ಹೊಟ್ಟೆಯೊಳಗೊಂದು ಡಿಕೋಡರ್. ತನ್ನ ಸಂಖ್ಯೆ ಕರೆದಾಗ ಮಾತ್ರ ಓಗೊಡುತ್ತದೆ. ದೀಪ, ಸಿಳ್ಳೆ, ಉಗಿಯ ಸದ್ದು ಎಲ್ಲ ಬೇರೆ ಬೇರೆ.

ಇದು ಸೊಗಸಾದ ಏರ್ಪಾಡು, ನಾನೇನೂ ಅಲ್ಲಗಳೆಯುವುದಿಲ್ಲ. ಅವನ ಹತ್ತಿರ ಹೊಸ ಇಂಜಿನ್ನುಗಳು ಹನ್ನೊಂದಿವೆ. ಡಿಕೋಡರ್ ಸಿಕ್ಕಿಸಲೆಂದೇ ಅವುಗಳೊಳಗೆ ಎಂಟು ತೂತಿನ ಸಾಕೆಟ್ಟು ಬಂದಿರುತ್ತದೆ, ಬೆಸುಗೆಯೂ ಬೇಡ. ಅಂಥವನ್ನೂ ಹಳೆಯ ಪದ್ಧತಿಯಲ್ಲೇ ಓಡಿಸುತ್ತೇನೆಂದು ಹಟ ಹಿಡಿಯುವವರನ್ನು ಕಂಡರೆ, ಮಿಕ್ಸಿ ಮನೆಯಲ್ಲಿದ್ದೂ ಸೊಸೆಯಿಂದ ಒರಳಲ್ಲಿ ರುಬ್ಬಿಸುತ್ತಿದ್ದ ಅತ್ತೆಯರ ನೆನಪಾಗುತ್ತದೆ.

ಆದರೆ ಜಿಂಟಿಯ ಕತೆ ಬೇರೆ. ಅದರ ಮೋಟರಿನ ಎರಡು ಬ್ರಷ್ಷುಗಳಲ್ಲಿ ಒಂದು ನೇರವಾಗಿ ಲೋಹದ ಚೌಕಟ್ಟಿಗೇ ತಗುಲಿಕೊಂಡಿದೆ. ಚೌಕಟ್ಟು ಒಂದು ಹಳಿಗೆ ತಗುಲಿಕೊಂಡಿದೆ. ಡಿಕೋಡರ್ ಹಾಕುವುದಾದರೆ ಮೋಟರಿಗೂ ಹಳಿಗೂ ನೇರ ನಂಟು ಎಳ್ಳಷ್ಟೂ ಇರಬಾರದು. ಹಳಿಯಿಂದ ಬಂದ ಕೆಂಪು, ಕಪ್ಪು ತಂತಿ ಡಿಕೋಡರಿಗೆ. ಅಲ್ಲಿಂದ ಕಿತ್ತಳೆ, ಬೂದು ತಂತಿ ಮೋಟರಿಗೆ. ಈ ಬ್ರಷ್ಷಿನ ನಂಟನ್ನು ಕಡಿಯದೆ ಹಿಂದಿನ ವರ್ಷ ನಮ್ಮ ಹುಡುಗ ಇನ್ನೊಂದು ಹಳೆಯ ಇಂಜಿನ್ನಿಗೆ ಡಿಕೋಡರ್ ಬೆಸೆದಿದ್ದ. ಹಳಿಯ ಮೇಲಿಟ್ಟ ಕ್ಷಣಕ್ಕೇ ಸುಟ್ಟ ವಾಸನೆ. ಆ ಇಂಜಿನ್ನು ಈಗ ಡಬ್ಬಿಯೊಂದರಲ್ಲಿ ಬಿಡಿಬಿಡಿಯಾಗಿ ಮಲಗಿದೆ. ಅದನ್ನೂ ಯಾರೋ ಒಬ್ಬಳು ಅರವತ್ತು ವರ್ಷ ಒರೆಸಿ ಇಟ್ಟಿದ್ದಿರಬೇಕು.

ಇನ್ಸುಲೇಷನ್ ಕೊಳವೆ ತೊಡಿಸಿದರೆ ಆಯಿತಲ್ಲ ಅಂತೀರಿ. ಆಗಬಹುದು, ಕೈ ಪಳಗಿದವರು ಮಾಡುತ್ತಾರೆ. ಆದರೆ ಅರವತ್ತು ವರ್ಷದ ಮೋಟರು, ಆಯಸ್ಕಾಂತದ ಬಲ ಕುಂದಿದ್ದರೆ ಹೆಚ್ಚು ವಿದ್ಯುತ್ತು ಎಳೆಯುತ್ತದೆ. ಗಾಲಿ ಸಿಕ್ಕಿಕೊಂಡಾಗ ಇನ್ನೂ ಹೆಚ್ಚು. ಸಣ್ಣ ಡಿಕೋಡರ್ ತಾಳೀತೆ? ಅದರ ಆರ್ಮೇಚರಿಗೆ ಇರುವುದು ಮೂರೇ ಧ್ರುವ; ಡಿಕೋಡರ್ ಹಾಕಿದ ಮಾತ್ರಕ್ಕೆ ಅದು ಐದಾಗುವುದಿಲ್ಲ. ಕೆಲವರು ಜಾಗ ಸಾಲದೆಂದು ಹಳೆಯ ಇಂಜಿನ್ನುಗಳ ಒಳಮೈಯನ್ನೇ ಅರದಿಂದ ಉಜ್ಜುತ್ತಾರೆ. ತಂತಿ ಕಿತ್ತರೆ ಮತ್ತೆ ಹಾಕಬಹುದು, ಉಜ್ಜಿದ ಲೋಹ ಮತ್ತೆ ಬೆಳೆಯುತ್ತದೆಯೇ? ಇಷ್ಟಾಗಿ ಜಿಂಟಿಗೆ ಸಿಗುವ ಲಾಭವೇನು? ಒಂದೇ ವೃತ್ತದಲ್ಲಿ ಒಂಟಿಯಾಗಿ ಸುತ್ತುವ ಇಂಜಿನ್ನಿಗೆ ಸಂಖ್ಯೆ ಯಾಕೆ? ಮನೆಯಲ್ಲಿ ಒಬ್ಬಳೇ ಇರುವವಳನ್ನು ಮೈಕಿನಲ್ಲಿ ಹೆಸರು ಹಿಡಿದು ಕೂಗಿದ ಹಾಗೆ.

‘ಹಾಗಾದರೆ ಡಿಕೋಡರ್ ಇಲ್ಲದೆಯೇ ಡಿಜಿಟಲ್ ಹಳಿಯ ಮೇಲೆ ಓಡಿಸೋಣ, ಸೊನ್ನೆ ವಿಳಾಸ ಅಂತ ಒಂದಿದೆ’ ಎಂದ. ಕೆಲವು ಯಂತ್ರಗಳಲ್ಲಿ ಇದೆ, ನಿಜ. ಆದರೆ ಹಾಗೆ ನಿಲ್ಲಿಸಿದ ಇಂಜಿನ್ನು ನಿಂತಲ್ಲೇ ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಒಲೆಯ ಮೇಲೆ ಖಾಲಿ ಬಾಣಲೆ ಇಟ್ಟು ಮರೆತರೆ ಏನಾಗುತ್ತದೆಂದು ಆ ಹುಡುಗನಿಗೆ ಯಾರು ಹೇಳಬೇಕು?

ನನಗೆ ಸಿಟ್ಟು ಬಂದದ್ದು ಡಿಜಿಟಲ್ ಮೇಲಲ್ಲ. ‘ಹಾಗೇ ಬಿಟ್ಟರೆ ಮೂಲೆ ಸೇರುತ್ತೆ’ ಎಂಬ ಮಾತಿನ ಮೇಲೆ. ಮೂಲೆ ಸೇರಿದ್ದು ಯಾವಾಗ? ಅಮ್ಮ ಹಾಸಿಗೆ ಹಿಡಿಯುವ ಹಿಂದಿನ ವರ್ಷದವರೆಗೂ ಅದು ಓಡುತ್ತಿತ್ತು. ಒಂದು ತೊಟ್ಟು ಎಣ್ಣೆ ಬಿಡುವ ತಾಳ್ಮೆ ಇಲ್ಲದವರು ಅದಕ್ಕೆ ಹೊಸ ಮಿದುಳು ಹಾಕಲು ಹೊರಡುತ್ತಾರೆ. ಡಿಕೋಡರ್ ಬಂದ ಮೇಲೂ ಗಾಲಿ ಒರೆಸಲೇಬೇಕು. ಇನ್ನೂ ಹೆಚ್ಚಾಗಿಯೇ ಒರೆಸಬೇಕು, ಯಾಕೆಂದರೆ ಕೊಳೆ ಅಡ್ಡ ಬಂದರೆ ಆಜ್ಞೆಯೂ ತಲುಪುವುದಿಲ್ಲ.

ಹಾಗೆಂದು ಹಳೆಯದೆಲ್ಲ ಪೂಜ್ಯವೂ ಅಲ್ಲ. ಅಪ್ಪ ತಂದಿದ್ದ ಕಂಟ್ರೋಲರ್ ಗೋಡೆಯ ಕರೆಂಟಿಗೇ ನೇರ ಸಿಕ್ಕಿಸುವಂಥದ್ದು. ತಂತಿಯ ಹೊದಿಕೆ ಒಣಗಿ ಬಿರಿದಿತ್ತು. ಅದನ್ನು ಮಾತ್ರ ನಾನೇ ಮುಂದೆ ನಿಂತು ಎಸೆಯಿಸಿದೆ. ಅದರ ಜಾಗಕ್ಕೆ ಹೊಸದೊಂದು 12 ವೋಲ್ಟಿನ ಸಾದಾ ಕಂಟ್ರೋಲರ್ ಬಂತು.

ಮೂರು ಸಂಜೆ ವಾದವಾಯಿತು. ಕೊನೆಗೆ ಹೊರಗಿನ ವೃತ್ತವನ್ನು ಜಿಂಟಿಗೆಂದೇ ಬೇರೆ ಮಾಡಿದ. ಎರಡು ಪದ್ಧತಿಯ ವಿದ್ಯುತ್ತು ಹಳಿಯಲ್ಲಿ ಒಂದಕ್ಕೊಂದು ತಾಗಿದರೆ ಹೊಸ ಯಂತ್ರ ಕೆಡುತ್ತದೆಂದು ಅವನೇ ಹೆದರಿ, ನಡುವಿನ ಜೋಡಣೆಯ ಹಳಿಯನ್ನು ಪೂರ್ತಿ ಕಿತ್ತಿಟ್ಟ. ಬ್ರಷ್ಷು ತೆಗೆಯುವುದು ಹೇಗೆಂದು ನಾನು ತೋರಿಸಿದೆ. ಅಮ್ಮ ತೋರಿಸಿದ್ದಷ್ಟು ನನಗೆ ನೆನಪಿತ್ತು. ‘ಎಷ್ಟು ಎಣ್ಣೆ ಅತ್ತೆ?’ ಎಂದ. ‘ಸೂಜಿಯ ತುದಿಯಷ್ಟು’ ಎಂದೆ. ಎರಡನೆಯ ತೊಟ್ಟಿಗೆ ಕೈ ಹಾಕಿದಾಗ ಬಾಟಲಿ ಕಿತ್ತುಕೊಂಡೆ.